ಬೆನ್ನು ಹತ್ತಿದ ಹೋರಿ

ಈ ಮಾತನ್ನು ಹೇಳಬೇಕಾದವರಿಗೇ ಹೇಳಿಬಿಡಬೇಕೆಂದು ಪ್ರತಿ ವರ್ಷ ನಾಗರ ಪಂಚಮಿ ಬಂದಾಗ ಅಂದುಕೊಳ್ಳುತ್ತೇನೆ. ಉಂಡಿ ತಿಂದು ಸುಮ್ಮನಾಗುತ್ತೇನೆ. ಹೀಗೇ ಸುಮಾರು ನಲವತ್ತು ಪಂಚಮಿ ದಾಟಿಸಿದೆ. ನಗುವಂಥ ಕತೆಯಾದ್ದರಿಂದ ದಾಟಿಸುವುದು ಸುಲಭವಾಯಿತು. ಅಳುವ ಕತೆಯಾಗಿದ್ದರೆ ಯಾರಾದರೂ ಕೆದಕಿ ಕೇಳುತ್ತಿದ್ದರು.

ಎಂಬತ್ತರ ದಶಕದ ನಡುವಿನ ಸಂಗತಿ. ನಮ್ಮದು ಮೊರಬದ ಬಾಜು ಒಂದು ಸಣ್ಣ ಊರು. ನನಗಾಗ ಇಪ್ಪತ್ತೈದರ ಸುಮಾರು. ಎಸ್ಸೆಸ್ಸೆಲ್ಸಿ ಮುಗಿಸಿ ಅಣ್ಣನ ಜೊತೆ ಎರೆಹೊಲ ಮಾಡಿಕೊಂಡಿದ್ದೆ. ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ, ನಾನು. ಅಣ್ಣನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಕಡ್ಡಿಯಂಥ ಮೈ, ಮನೆಯೊಳಗೆ ಹರಿತವಾದ ಬಾಯಿ. ಊರ ಹಿರಿಯರ ಎದುರು ಮಾತ್ರ ಆ ಬಾಯಿ ಸೆರಗಿನೊಳಗೆ ಅಡಗುತ್ತಿತ್ತು. ಆ ಕಾಲದ ಸೊಸೆಯಂದಿರ ರೀತಿಯೇ ಹಾಗಿತ್ತು.

ಕಡಲೆ ರಾಶಿ ಮುಗಿದಿತ್ತು. ಚೀಲ ಹೇರಿದ ಗಾಡಿ ಹೊಲದ ಬದು ದಾಟುವಾಗ ಎಡಗಡೆಯ ಗಾಲಿ ತಗ್ಗಿಗೆ ಇಳಿದು ಗಾಡಿ ವಾಲಿತು. ಎತ್ತುಗಳು ಕೊರಳು ಬಿಡಿಸಿಕೊಂಡು ಓಡಿದವು. ಬಾಜು ನಡೆಯುತ್ತಿದ್ದ ಅಣ್ಣ ಕೆಳಗೆ ಬಿದ್ದ, ಅವನ ತೊಡೆಯ ಮೇಲೆ ಗಾಡಿ ಕೂತಿತು. ಒಮ್ಮೆ ಚೀರಿ ಸುಮ್ಮನಾದ. ಮುಖದ ತುಂಬ ಧೂಳು, ಕಣ್ಣು ಮುಚ್ಚಿದ್ದವು.

ನಾನು ನಿಂತಲ್ಲೇ ಕಲ್ಲಾದೆ. ಬುತ್ತಿಯ ಬುಟ್ಟಿ ಹೊತ್ತು ಹಿಂದೆ ಬರುತ್ತಿದ್ದ ವೈನಿ ಅದನ್ನು ಎಸೆದು ಓಡಿಬಂದರು.

"ಹಿಡಿ ಲೇ, ಏನ್ ನೋಡ್ತಿ!"

ಅವರು ನನಗೆ ಲೇ ಎಂದದ್ದು ಅದೊಂದೇ ಸಲ. ಇಬ್ಬರೂ ಭುಜ ಕೊಟ್ಟೆವು. ಗಾಡಿಯ ಭಾರ ನನಗೆ ನೆನಪೇ ಇಲ್ಲ. ಕಿವಿಗೇನೂ ಕೇಳಿಸಲಿಲ್ಲ, ಕಣ್ಣಿಗೆ ಗಾಲಿಯ ಒಂದು ಅರ ಬಿಟ್ಟು ಬೇರೇನೂ ಕಾಣಲಿಲ್ಲ. ಗಾಡಿ ಒಂದು ಗೇಣು ಎದ್ದಿತು. ಅಣ್ಣ ಅರೆ ಎಚ್ಚರದಲ್ಲಿ, ಕಣ್ಣು ತೆರೆಯದೆಯೇ, ಮೊಣಕೈ ಊರಿ ಹೊರಗೆ ತೆವಳಿದ. ವೈನಿಯ ಕಾಲು ಜಾರಿ ಕಲ್ಲಿಗೆ ಬಡಿದು, ತವರಿನವರು ಕೊಟ್ಟ ದಪ್ಪ ಬೆಳ್ಳಿಯ ಕಾಲ್ಚೈನು ಹರಿಯಿತು. ಅದನ್ನು ಮಡಿಲಿಗೆ ತುರುಕಿಕೊಂಡು ಅವರು ನೀರು ತರಲು ಮಗ್ಗುಲ ಹೊಲದ ಬಾವಿಗೆ ಓಡಿದರು.

ಅಷ್ಟರಲ್ಲಿ ಜನ ಬಂದರು. ಮುಂದೆ ನಮ್ಮ ಓಣಿಯ ಹಿರಿಯ, ಊರಿಗೆಲ್ಲ ಕಾಕಾ ಆದವರು.

"ಯಾರ ಎತ್ತಿದ್ರಲೇ ಇದನ್ನ?"

"ನಾ ಎತ್ತಿದ್ನಿರಿ ಕಾಕಾ."

"ಒಬ್ಬನ?"

ನನ್ನ ಎದೆ ಇನ್ನೂ ಡೊಳ್ಳಿನಂತೆ ಬಡಿಯುತ್ತಿತ್ತು, ತಲೆಗೆ ಅಮಲು ಏರಿದಂತಿತ್ತು. "ಹೌದ್ರಿ" ಎಂದುಬಿಟ್ಟೆ.

ವೈನಿ ನೀರು ತಂದರು. ಕಾಕಾ ಹೇಳಿದರು, "ನಿನ್ನ ಮೈದುನ ಇರದಿದ್ರ ನಿನ್ನ ಗಂಡ ಉಳೀತಿದ್ದಿಲ್ಲ ನೋಡವಾ." ವೈನಿ ನನ್ನನ್ನು ನೋಡಿದರು. ಒಂದು ಉಸಿರಿನಷ್ಟು ಹೊತ್ತು ಕಾದರು. ನಾನು ಎತ್ತುಗಳ ಕಡೆ ಮುಖ ತಿರುಗಿಸಿದೆ. ಅವರು ಸೆರಗು ಎಳೆದುಕೊಂಡು ಗಂಡನ ಬಾಯಿಗೆ ನೀರು ಹಾಕಿದರು.

ಒಂದು ತಿಂಗಳಲ್ಲಿ ಅಣ್ಣನ ಕಾಲು ನೆಟ್ಟಗಾಯಿತು. ನನಗೊಂದು ಬೆಳ್ಳಿಯ ಖಡೆ ಮಾಡಿಸಿ ತಾನೇ ಕೈಗೆ ತೊಡಿಸಿದ. ಬೆಳ್ಳಿ ಎಲ್ಲಿಯದು ಎಂದರೆ, ವೈನಿಯ ಕಾಲ್ಚೈನಿನದು. "ಬಾವಿ ಕಟ್ಟಿಗೆ ಬಡದು ಹರದೈತಿ, ಒಯ್ರಿ" ಎಂದು ಅವರೇ ಕೊಟ್ಟಿದ್ದರು. ಆ ಬೇಸಿಗೆಯೆಲ್ಲ ಅವರಿಗೆ ಭುಜ ನೋವು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. "ಏನ ಗುಡ್ಡಾ ಹೊತ್ತೀಯವಾ ನೀ?" ಎಂದು ಅವ್ವ ಬೈದಳು. ನಾನು ಖಡೆ ತಿರುವುತ್ತ ಕೇಳಿಸಿಕೊಂಡೆ.

ಊರು ನನ್ನನ್ನು ಪೈಲವಾನ ಎಂದು ಕರೆಯತೊಡಗಿತು. ಹೋದಲ್ಲೆಲ್ಲ ಹಾಲು, ತುಪ್ಪ, ಕೂಡ್ರಲು ಚಾಪೆ. ನಿಜ ಹೇಳಬೇಕೆಂದರೆ ಬಹಳ ಸುಖವಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪಂಚಮಿಗೆ ನಮ್ಮಲ್ಲಿ ಪಂತ ಕಟ್ಟುವ ರೂಢಿ, ತೆಂಗಿನಕಾಯಿ ಎಸೆಯುವುದು, ಗುಂಡುಕಲ್ಲು ಎತ್ತುವುದು. ಗುಡಿಯ ಮುಂದಿನ ಆ ಕಲ್ಲನ್ನು ಎಷ್ಟೋ ವರ್ಷಗಳಿಂದ ನಮ್ಮೂರವರು ಯಾರೂ ಎತ್ತಿರಲಿಲ್ಲ. "ಈ ಸಲ ನಮ್ಮ ಹುಡುಗ ಎತ್ತತಾನ" ಎಂದು ಕಾಕಾ ಮಗ್ಗುಲ ಊರಿಗೂ ಸುದ್ದಿ ಕಳಿಸಿದರು.

ಒಂದು ಮುಂಜಾನೆ ಯಾರೂ ಇಲ್ಲದಾಗ ಹೋಗಿ ಕಲ್ಲನ್ನು ತಬ್ಬಿದೆ. ಅದು ಮಿಸುಕಲಿಲ್ಲ.

ಅಂದಿನಿಂದ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಅವ್ವ ತುಪ್ಪ ಸುರಿದಷ್ಟೂ ನಾನು ಬಡಕಲಾದೆ. ಕುಡಿದ ಹಾಲು ಉರಿಯಾಗಿ ಮೇಲೆ ಬರುತ್ತಿತ್ತು. ಕೋಳಿಗಿಂತ ಮೊದಲು ಎಚ್ಚರ. ನವಲಗುಂದದ ಸಂತೆಗೆ ಹಗ್ಗ ತರಲು ಹೋಗಿ ಉಳ್ಳಾಗಡ್ಡಿ ತಂದೆ. ಗುಡಿಯ ಮುಂದೆ ಹಾಯುವಾಗ ಬಾಯಿ ಒಣಗಿ ಅಂಗೈ ಬೆವರುತ್ತಿತ್ತು. ಅಣ್ಣ ಗಾಬರಿಯಾಗಿ ನವಲಗುಂದದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ವಯಸ್ಸಾದವರು, ಕೊಳವೆಯನ್ನು ನನ್ನ ಎದೆಗೆ ಹಚ್ಚಿ ಕೇಳಿದರು.

"ನಿದ್ದಿ?"

"ಇಲ್ರಿ."

"ಸಿಟ್ಟು?"

ಅಣ್ಣನೇ ಹೇಳಿದ, "ಎತ್ತಿಗೂ ಬೈತಾನ್ರಿ ಸಾಹೇಬ್ರ. ಅವು ಬ್ಯಾಸತ್ತಾವು."

ಡಾಕ್ಟರರು ನಕ್ಕರು. "ನೋಡು ತಮ್ಮಾ, ಒಂದು ಹೋರಿ ನಿನ್ನ ಬೆನ್ನ ಹತ್ತಿತು ಅನ್ನು. ಮೂತ್ರಪಿಂಡದ ಮ್ಯಾಲ ಟೊಪಗಿ ಇಟ್ಟಂಗ ಎರಡು ಗ್ರಂಥಿ ಅದಾವ. ಆವಾಗ ಅವು ರಕ್ತದಾಗ ಒಂದು ರಸ ಬಿಡ್ತಾವ, ಹಾರ್ಮೋನು ಅಂತೀವಿ. ಎದಿ ಜೋರ ಹೊಡ್ಕೋತೈತಿ, ಕೈಕಾಲಿಗೆ ಇಲ್ಲದ ಬಲ ಬರತೈತಿ, ಹಸಿವು ನಿಲ್ಲತೈತಿ. ಓಡಾವಂಗ ಊಟ ಯಾಕ? ನಿಮ್ಮಣ್ಣ ಹೇಳಿದ್ನಲ್ಲ, ನೀ ಗಾಡಿ ಎತ್ತಿದ್ದೂ ಆ ಬಲದಾಗನ. ಆದರ ಹೋರಿ ಹೋದ ಮ್ಯಾಲ ರಸಾನೂ ನಿಲ್ಲಬೇಕು. ನಿಂದು ನಿಂತಿಲ್ಲ. ದಿನಾ ಹನಿ ಹನಿ ಬಿದ್ರ ನಿದ್ದಿ ಕೆಡತೈತಿ, ಹೊಟ್ಟಿ ಕೆಡತೈತಿ, ನೆನಪು ಸುದ್ದಾ ಹಾರತೈತಿ. ಯಾವ ಹೋರಿ ಬೆನ್ನ ಹತ್ತೇತಿ?"

"ಯಾವದೂ ಇಲ್ರಿ."

"ಬಾಯಿ ಇಲ್ಲ ಅಂತೈತಿ, ಎದಿ ಹೌದು ಅಂತೈತಿ." ಕೊಳವೆ ತೆಗೆದು ಬಿಳಿ ಗುಳಿಗೆ ಕೊಟ್ಟರು. "ಯಾರ ಮುಂದರ ಹೇಳಿಬಿಡು. ಗುಳಿಗಿಕಿಂತ ಲಗೂನ ಗುಣಾ ಕೊಡತೈತಿ."

ಹೇಳಲಿಲ್ಲ.

ಪಂಚಮಿ ಬಂದೇ ಬಂತು. ಗುಡಿಯ ಬೇವಿನ ಮರಕ್ಕೆ ಜೋಕಾಲಿ, ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ಗುಡಿಯ ಮುಂದೆ ಎರಡೂರಿನ ಜನ. ನಾನು ಕಾಸೆ ಕಟ್ಟಿ ಕಲ್ಲಿಗೆ ಬಾಗಿದೆ. ಒಮ್ಮೆ ಎಳೆದೆ, ಇಲ್ಲ. ಮತ್ತೊಮ್ಮೆ, ಇಲ್ಲ. ಖಡೆ ಕಲ್ಲಿಗೆ ಕಟಕಟ ಬಡಿಯಿತು. "ಇವನ ಏನು ಗಾಡಿ ಎತ್ತಿದಾಂವ?" ಎಂದು ಮಗ್ಗುಲ ಊರಿನವನೊಬ್ಬ ಅಂದ. ಕಾಕಾನ ಮುಖ ಇಳಿಯಿತು. ನನ್ನ ಹೆಸರು ಮಣ್ಣಾಗಲು ಇನ್ನೊಂದೇ ಮಾತು ಸಾಕಿತ್ತು.

ಆಗ ಜೋಕಾಲಿಯ ಮೇಲಿನಿಂದ ವೈನಿಯ ದನಿ ಬಂತು. ಹಿರಿಯರೆಲ್ಲ ಇದ್ದರೂ ಅವತ್ತು ಆ ಬಾಯಿ ಅಡಗಲಿಲ್ಲ.

"ಏನ್ರಿ ಮೈದುನಾ, ನಾ ಬಂದು ಒಂದ ಕೈ ಹಚ್ಚಲೇನ್ರಿ?"

ಇಡೀ ಗುಡಿ ಅಂಗಳ ನಕ್ಕಿತು. ಕಡ್ಡಿಯಂಥ ಹೆಂಗಸು ಗುಂಡುಕಲ್ಲಿಗೆ ಕೈ ಹಚ್ಚುವುದೇ! ಪಂತಕ್ಕೆ ಬಂದಿದ್ದ ಮಗ್ಗುಲ ಊರಿನ ಪೈಲವಾನ ನಕ್ಕು ನಕ್ಕು ಕೂತುಬಿಟ್ಟ, ಅವನಿಂದಲೂ ಕಲ್ಲು ಏಳಲಿಲ್ಲ. ಕಾಕಾ ಕಣ್ಣೊರೆಸಿಕೊಂಡು, "ಸಾಕ ಬಿಡ್ರಲೇ, ಕಲ್ಲು ಎಲ್ಲೂ ಹೋಗಾಂಗಿಲ್ಲ. ಉಂಡಿ ತಿನ್ನೂಣು ನಡ್ರಿ" ಎಂದರು.

ನಾನೂ ನಕ್ಕೆ. ನಗುವಾಗ ಎದೆಯ ಬಿಗಿ ಹಗ್ಗ ಹರಿದಂತೆ ಸಡಿಲಾಯಿತು. ಅವತ್ತು ಒಂಬತ್ತು ಉಂಡಿ ತಿಂದೆ, ಒಂದೂ ಉರಿಯಲಿಲ್ಲ. ಹೊತ್ತು ಮುಳುಗುವ ಮೊದಲೇ ಬಿದ್ದು, ಮರುದಿನ ಅವ್ವ ನೀರು ಚಿಮುಕಿಸುವ ತನಕ ಮಲಗಿದೆ. ವೈನಿ ಎಲ್ಲರೆದುರು ನಿಜವನ್ನೇ ಹೇಳಿದ್ದರು, ತಿಳಿದದ್ದು ನನಗೊಬ್ಬನಿಗೆ. "ಹೌದ್ರಿ, ಅವತ್ತೂ ಹಚ್ಚಿದ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೈ ಹಗುರಾಗಿತ್ತಲ್ಲ, ಇನ್ನೇಕೆ ಎಂದು ನುಂಗಿದೆ. ಅವರು ಹೋರಿಯನ್ನು ಓಡಿಸಿಕೊಟ್ಟರು, ನಾನು ಉಂಡು ಮಲಗಿದೆ.

ಕಾಕಾ ತೀರಿಕೊಳ್ಳುವ ಮೊದಲು ಅವರ ಕೈ ಹಿಡಿದು ತಪ್ಪೊಪ್ಪಿಕೊಂಡೆ. ಈಚೆಗೆ ಅಣ್ಣನಿಗೂ ಹೇಳಿದೆ. ಅವನು ಕೆಮ್ಮು ಬರುವ ತನಕ ನಕ್ಕ. "ನನ್ನನ್ನ ಇಷ್ಟ ವರ್ಷ ಹೊತ್ತಾಕಿಗೆ ಗಾಡಿ ಏನ ದೊಡ್ಡದಲೇ! ಹೋಗು, ಆಕಿಗೆ ಹೇಳು."

ಅಡುಗೆಮನೆಯ ಬಾಗಿಲಿಗೆ ಹೋದೆ. ಬಾಯಿ ಒಣಗಿತು, ಅಂಗೈ ಬೆವರಿತು. ಈ ವಯಸ್ಸಿನಲ್ಲಿ ಹೋರಿ ಮತ್ತೆ ಬಂದು ನಿಂತಿತ್ತು. ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತದೆ ಕೇಳಿದರು, "ಏನ ಬೇಕಾಗಿತ್ರಿ?"

"ಒಂದು ರೊಟ್ಟಿ" ಎಂದೆ.

ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರು. ತಿಂದು ಬಂದು ಇದನ್ನು ಬರೆಯುತ್ತಿದ್ದೇನೆ. ಗಾಡಿ ಎತ್ತಿದವರು ಇಬ್ಬರು. ಒಬ್ಬ ನಾನು. ಮೊದಲು ಭುಜ ಕೊಟ್ಟವರು, ಯಾರಿಗೆ ನಾನು ಇಂದಿಗೂ ತಪ್ಪಾಯಿತು ಎಂದಿಲ್ಲವೋ ಅವರು, ನನ್ನ ವೈನಿ.