ಜೀರ್ಜಿಂಬೆಯ ದಿಬ್ಬ

ಮೊನ್ನೆ ತುಮಕೂರಿನ ಸೀರೆ ಅಂಗಡಿಯೊಂದರಲ್ಲಿ ಹುಡುಗನೊಬ್ಬ ರವಿಕೆ ಪೀಸು ಬಿಡಿಸಿದ. ಅಂಚಿಗೆಲ್ಲ ಹಸಿರು ಚಮಕಿ. "ಜೀರ್ಜಿಂಬೆ ಡಿಸೈನು ಮೇಡಂ, ಲೇಟೆಸ್ಟು" ಅಂದ. ಮುಟ್ಟಿದರೆ ಪ್ಲಾಸ್ಟಿಕ್ಕು. ನೀವೂ ಚಿಕ್ಕಂದಿನಲ್ಲಿ ಜೀರ್ಜಿಂಬೆ ಹುಳವನ್ನು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಸೊಪ್ಪು ಹಾಕಿ, ಕಿವಿಗಿಟ್ಟುಕೊಂಡು ಕೇಳಿದವರಾದರೆ ಆ ಹಸಿರು ಎಂಥದ್ದೆಂದು ನಾನು ಹೇಳಬೇಕಿಲ್ಲ.

ಕೊತ್ತಗೆರೆ ಹತ್ತಿರದ ನಮ್ಮೂರ ಕೆರೆಯ ನಡುವೆ ಒಂದು ದಿಬ್ಬವಿತ್ತು. ಮಳೆಗಾಲದಲ್ಲಿ ಸುತ್ತ ನೀರು ನಿಂತು ದ್ವೀಪವಾಗುತ್ತಿತ್ತು. ಅಲ್ಲಿ ಬರೀ ಜಾಲಿಮರ, ಮರದ ತುಂಬ ಜೀರ್ಜಿಂಬೆ. ಸತ್ತು ಉದುರಿದ ಹುಳದ ರೆಕ್ಕೆ ಆಯ್ದು ತಂದು ಮದುವೆಯ ಬಾಸಿಂಗಕ್ಕೆ ಅಂಟಿಸುವುದು ನಮ್ಮವರ ರೂಢಿ. ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಉದುರುವ ತನಕ ಕಾಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಕೊಂಬೆ ಅಲ್ಲಾಡಿಸಿ ಜೀವಂತ ಹುಳಗಳನ್ನೇ ಹಿಡಿಯುತ್ತಿದ್ದರು.

ಅಂಥ ಹೊತ್ತಲ್ಲಿ ತುಮಕೂರಿಂದ ನೂರುನ್ನೀಸಾ ಬಂದಳು. ಆಗಷ್ಟೇ ಕಾಲೇಜು ಮುಗಿಸಿದ, ನನ್ನದೇ ವಯಸ್ಸಿನ ಹುಡುಗಿ. ಜರಿ ಕೆಲಸದ ಅವಳ ಅಜ್ಜಿ ನಿಕಾದ ದುಪಟ್ಟಾಕ್ಕೆ ಹೊಲಿಯುತ್ತಿದ್ದುದೂ ನಮ್ಮ ದಿಬ್ಬದ ರೆಕ್ಕೆಯನ್ನೇ. ಅದು ಸಿಗುವುದು ಕಡಿಮೆಯಾಯಿತೆಂದು ಹುಡುಕಿಕೊಂಡು ಬಂದವಳು, ಆಮೇಲೆ ವಾರಕ್ಕೊಮ್ಮೆ ಬಸ್ಸಲ್ಲಿ ಬಂದು ಹೆಂಗಸರನ್ನು ಜಗಲಿ ಮೇಲೆ ಕೂರಿಸಿಕೊಂಡು ಹೇಳತೊಡಗಿದಳು: "ಬದುಕಿರೋ ಹುಳ ಹಿಡೀಬೇಡಿ ಅಕ್ಕಾ. ಇದರ ಮರಿ ಬೆಳೆಯೋದು ಜಾಲಿ ಬೇರಲ್ಲಿ. ಮರ ಹೋದ್ರೆ ಹುಳಾನೂ ಹೋಯ್ತು."

ಅಪ್ಪನಿಗೆ ನಂಬಿಕೆ ಬರಲಿಲ್ಲ. "ಬಸ್ ಚಾರ್ಜು ಕೊಟ್ಕೊಂಡು ಹುಳ ಉಳ್ಸಕ್ಕೆ ಯಾರವ್ವಾ ಬತ್ತಾರೆ? ಏನೋ ಐತೆ ಕಣೇ ಇದ್ರಲ್ಲಿ."

ರೆಕ್ಕೆ ಬಾಚಿಕೊಂಡು ಬೆಂಗಳೂರಿಗೆ ಮಾರುತ್ತಾಳೆ ಅಂದರು ಕೆಲವರು. ದಿಬ್ಬದಲ್ಲಿ ನಿಧಿ ಇರಬೇಕು ಅಂದರು ಇನ್ನು ಕೆಲವರು. ಎಲ್ಲರಿಗಿಂತ ಜೋರು ನಮ್ಮ ದೊಡ್ಡಪ್ಪ: "ಅವಳ ಚೀಲದ ಮೇಲೆ ಒಂದು ಕಣ್ಣಿಡ್ರಲಾ." ಪತ್ತೇದಾರಿಕೆ ನಾನೇ ವಹಿಸಿಕೊಂಡೆ. ಹೊತ್ತುಕೊಡುವ ನೆಪದಲ್ಲಿ ಚೀಲ ತಡಕಿದರೆ ಊಟದ ಡಬ್ಬಿ, ಬಾಚಣಿಗೆ, ಮುಳ್ಳು ತೆಗೆಯೋ ಪಿನ್ನು. ಏನೂ ಸಿಗಲಿಲ್ಲವೆಂದೇ ನನ್ನ ಅನುಮಾನ ಇನ್ನಷ್ಟು ಬೆಳೆಯಿತು.

ಒಂದು ಬೆಳಿಗ್ಗೆ, ಅವಳು ಬರುವ ದಿನವೇ, ದಿಬ್ಬದ ಕಡೆಯಿಂದ ಕೊಡಲಿ ಸದ್ದು. "ನಾನೇಳ್ಲಿಲ್ವಾ? ಅವಳೇ ಜನ ಕಳ್ಸವ್ಳೆ!" ಅಂದ ಅಪ್ಪ. ಅಷ್ಟರಲ್ಲಿ ಬಸ್ಸಿಳಿದು ಬಂದ ನೂರುನ್ನೀಸಾಗೂ ಸದ್ದು ಕೇಳಿಸಿತು. ಅವಳ ಮುಖ ಬಿಳಿಚಿಕೊಂಡದ್ದು ನೋಡಿ, ಇದು ನಟನೆಯಲ್ಲ ಅಂತ ಮೊದಲ ಸಲ ಅನ್ನಿಸಿತು ನನಗೆ. ಅವಳು ನೇರ ಹೋಗಿ ತೆಪ್ಪ ಹತ್ತಿದಳು. ಅಮ್ಮ ಹಿಂದೆಯೇ ಹತ್ತಿದಳು, ನಾನೂ ಹತ್ತಿದೆ.

ದಿಬ್ಬದಲ್ಲಿ ಅರ್ಧದಷ್ಟು ಮರಗಳು ಆಗಲೇ ಉರುಳಿದ್ದವು. ನೆರಳಲ್ಲಿ ನಿಂತು ಆಳುಗಳಿಗೆ ಕೈ ತೋರಿಸುತ್ತಿದ್ದವರು ನಮ್ಮ ದೊಡ್ಡಪ್ಪ. ಊರೆಲ್ಲ ಅವಳ ಚೀಲ ಕಾಯುತ್ತಿದ್ದಾಗ ಅವರು ಸದ್ದಿಲ್ಲದೆ ಇಟ್ಟಿಗೆ ಗೂಡಿನವರಿಗೆ ಮರ ಮಾರಿದ್ದರು.

"ಇದು ನಮ್ಮೂರ ವಿಷ್ಯ, ನೀನು ಹೋಗಮ್ಮ" ಅಂದರು.

ಅವಳು ಹೋಗಲಿಲ್ಲ. ನಿಂತಿದ್ದ ಮರವೊಂದರ ಬುಡದಲ್ಲಿ ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನನ್ನು ಕಾಂಡಕ್ಕೆ ಒತ್ತಿಕೊಂಡಳು. ಭಾವನೆದುರು ಒಂದು ದಿನವೂ ಬಾಯಿಬಿಡದ ನಮ್ಮಮ್ಮ ಪಕ್ಕದ ಮರಕ್ಕೆ ಒರಗಿ ಕೂತು, "ಭಾವಾ, ಕಡಿಯೋದಾದ್ರೆ ನಮ್ಮನ್ನ ಎಬ್ಬಿಸಿ ಕಡೀರಿ" ಅಂದಳು. ಮತ್ತೆರಡು ತೆಪ್ಪಗಳಲ್ಲಿ ಉಳಿದ ಹೆಂಗಸರೂ ಬಂದು ಒಂದೊಂದು ಮರ ಹಿಡಿದು ಕೂತರು. ಆಳುಗಳು ಬೀಡಿ ಹಚ್ಚಿದರು, ದೊಡ್ಡಪ್ಪನ ಮುಖ ನೋಡಿದರು, ಮಧ್ಯಾಹ್ನದ ಹೊತ್ತಿಗೆ ಕೊಡಲಿ ಹೆಗಲಿಗೇರಿಸಿಕೊಂಡು ಹೊರಟುಹೋದರು.

ಅರ್ಧ ಉಳಿಯಿತು. ಆಮೇಲೆ ವರ್ಷವರ್ಷವೂ ಬಂದು ಅವಳು ಬೋಳಾದ ಕಡೆಗೆಲ್ಲ ಜಾಲಿಬೀಜ ಹಾಕಿಸಿದಳು. ಉದುರಿದ ರೆಕ್ಕೆಯನ್ನಷ್ಟೇ ಆಯಬೇಕೆಂಬುದು ಊರಿನ ಕಟ್ಟುಪಾಡಾಯಿತು. ನನ್ನ ಮದುವೆಯ ಬಾಸಿಂಗಕ್ಕೆ ಅವಳೇ ಕೂತು ರೆಕ್ಕೆ ಅಂಟಿಸಿದಳು. ಆಗಲೂ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಅದೆಲ್ಲ ಸರಿ, ಇದ್ರಿಂದ ಅವಳಿಗೇನು ಲಾಭ?" ಅಂದಿದ್ದ.

ನೂರುನ್ನೀಸಾಗೆ ಈಗ ಮಂಡಿನೋವು, ಕುಣಿಗಲ್ ದಾಟಿ ಬರಲಾರಳು. ಮಳೆ ಬಿದ್ದೊಡನೆ ಜಾಲಿಬೀಜ ಕಟ್ಟಿಕೊಂಡು ತೆಪ್ಪ ಹತ್ತಿ ದಿಬ್ಬಕ್ಕೆ ಹೋಗುವವಳು ನಾನು. ಈ ಮುದುಕಿಗೆ ಅಲ್ಲೇನು ಕೆಲಸವೆಂದು ಊರ ಹೊಸ ಹುಡುಗರು ದಂಡೆಯಲ್ಲಿ ನಿಂತು ನನ್ನನ್ನೇ ದಿಟ್ಟಿಸುತ್ತಾರೆ. ಮೊದಮೊದಲು ಮುಜುಗರವಾಗುತ್ತಿತ್ತು. ಈ ವರ್ಷ ಕೈಬೀಸಿ ಕರೆದೆ. "ಅನುಮಾನ ಇದ್ರೆ ಬರ್ರೋ, ತೆಪ್ಪದಲ್ಲಿ ಜಾಗ ಐತೆ." ಇಬ್ಬರು ಹತ್ತಿದರು.