ಜಿನ್ನು ಶುರುವಾದರೆ ನಗುವ ಕೂಸು

"ಕಿವಿ ಕೇಳ್ಸಲ್ಲ ಅಂತ ಯಾರವ್ವಾ ಹೇಳಿದ್ದು? ಜಿನ್ನು ಶುರು ಆದ ಕೂಡ್ಲೆ ನನ್ನ ಕೂಸು ಕಿಲಕಿಲ ನಗತಾನ. ಎಲ್ಲೇ ಕುಂತು ಆಡ್ತಿರ್ಲಿ, ಆಟ ಬಿಟ್ಟು ಗ್ವಾಡಿ ಕಡೆ ಓಡ್ತಾನ. ಕಿವುಡ ಆಗಿದ್ರ ಓಡ್ತಿದ್ನೇನು? ಇವನ ತಾತನೂ ಹಿಂಗ. ಐದು ತುಂಬೋತನ ಬಾಯಿಂದ 'ಅವ್ವಾ' ಅಂತ ಬಂದಿದ್ದಿಲ್ಲಂತ, ನಮ್ಮತ್ತಿನ ಹೇಳತಿದ್ಲು. ಒಂದಿನ ಎಮ್ಮಿ ಹಗ್ಗ ಕಿತ್ಕೊಂಡು ಓಡಿದ್ದು ನೋಡಿ, 'ಎಮ್ಮಿ ಹೋತು, ಎಮ್ಮಿ ಹೋತು' ಅಂತ ಕೂಗಿದ್ರಂತ. ಮಾತು ಎಲ್ಲಿಗೆ ಹೋಗತೈತಿ? ಒಳಗ ಐತಿ. ಬರತೈತಿ."

ಬಸಲಿಂಗಮ್ಮ ಈ ಮಾತನ್ನು ಎರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಆದವಾನಿಯಲ್ಲಿ ಅವರ ಮನೆಗೂ ಹತ್ತಿ ಬಿಡಿಸುವ ಜಿನ್ನು ಯಂತ್ರದ ಮಿಲ್ಲಿಗೂ ಒಂದೇ ಗೋಡೆ. ಇಬ್ಬರು ಸೊಸೆಯರು ಒಂದೇ ವಾರದಲ್ಲಿ ಹಡೆದಿದ್ದರು. ಹಿರಿಯ ಮಗ ಸೋಮೇಶನಿಗೆ ಚೇತನ ಎಂಬ ಹೆಣ್ಣು, ಕಿರಿಯ ಸೊಸೆ ಪ್ರತಿಮಾಳಿಗೆ ಬಸವಕಿರಣ ಎಂಬ ಗಂಡು. ಅಂದಿನಿಂದ ಇಬ್ಬರ ಹುಟ್ಟುಹಬ್ಬಕ್ಕೂ ಒಂದೇ ದಿನ, ಒಂದೇ ಕೇಕು.

ಚೇತನ ಎರಡಕ್ಕೇ ಮನೆ ತುಂಬ ಮಾತಾಡಿದಳು. ಕಿರಣನಿಗೆ ಮೂರಾದರೂ ಮಾತಿಲ್ಲ. ಕರ್ನೂಲಿನ ಡಾಕ್ಟರಿಗೆ ತೋರಿಸೋಣ ಎಂದು ಪ್ರತಿಮಾ ಬಾಯಿಬಿಟ್ಟಾಗ, ಇಲ್ಲದ ರೋಗ ಹುಡುಕಬೇಡ ಎಂದು ಬಸಲಿಂಗಮ್ಮ ಗದರಿದಳು. ಉರುಕುಂದ ಈರಣ್ಣನಿಗೆ ಹರಕೆ ಹೊತ್ತು ಬಂದಳು. ಪ್ರತಿಮಾ ಮತ್ತೆ ಆ ಮಾತು ತೆಗೆಯಲಿಲ್ಲ.

ಈ ಸಲ ಮಕ್ಕಳಿಗೆ ಐದು ತುಂಬಿತು. ಮದ್ದಿಕೇರದಿಂದ ಬಸಲಿಂಗಮ್ಮನ ನಾದಿನಿ ಮಹಾಲಕ್ಷ್ಮಿ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅತ್ತಿಗಿ, ಐದು ತುಂಬಿತಲ್ಲ. ನಮ್ಮಣ್ಣ ಇಷ್ಟೊತ್ತಿಗೆ 'ಎಮ್ಮಿ ಹೋತು' ಅಂದಿದ್ದ. ಈತ ಯಾವಾಗ ಅನ್ನಾಂವ?"

ಮಕ್ಕಳ ತಾತ ಪಂಚಾಕ್ಷರಯ್ಯ ಕುರ್ಚಿಯಿಂದಲೇ ನಕ್ಕ. "ಮಾತು ಕಲ್ತು ನಾನೇನು ಮಾಡ್ದೆ ತಂಗೀ? ನಲವತ್ತು ವರ್ಷ ನಿಮ್ಮತ್ತಿಗಿ ಬಿಟ್ರ ತಾನ ಆಡೋದು!"

"ನಗ್ರಿ ನಗ್ರಿ. ಊಟ ಮುಗಿಸಿ ಮಿಲ್ಲಿನೋರು ಜಿನ್ನು ಶುರು ಮಾಡ್ಲಿ," ಎಂದಳು ಬಸಲಿಂಗಮ್ಮ. "ಆವಾಗ ನನ್ನ ಕೂಸಿನ ಮುಖ ನೋಡೇ, ಮಹಾಲಕ್ಷ್ಮೀ."

ಸೋಮೇಶ ಮಕ್ಕಳಿಬ್ಬರನ್ನೂ ಎರಡು ಕಂಕುಳಲ್ಲಿ ಎತ್ತಿಕೊಂಡು ಕೇಕಿನ ಮುಂದೆ ನಿಂತ. ಮೇಣದ ಬತ್ತಿ ಹಚ್ಚುತ್ತಿದ್ದಂತೆ ಗೋಡೆಯಾಚೆ ಜಿನ್ನು ಗರ್ರೆಂದು ಎದ್ದಿತು. ಚೇತನ ಎರಡೂ ಕಿವಿ ಮುಚ್ಚಿಕೊಂಡು "ಅಬ್ಬಾ! ಅಪ್ಪಾ, ಸೌಂಡ್!" ಎಂದು ಅಪ್ಪನ ಹೆಗಲಿಗೆ ಮುಖ ಒತ್ತಿದಳು.

ಕಿರಣ ಬತ್ತಿಯ ಉರಿಯನ್ನೇ ನೋಡುತ್ತಿದ್ದ. ಕಣ್ಣು ಅತ್ತಿತ್ತ ಹೊರಳಲಿಲ್ಲ. ನಗಲಿಲ್ಲ.

ಬಸಲಿಂಗಮ್ಮ ಕಾದಳು. ಮಹಾಲಕ್ಷ್ಮಿಯೂ ನೋಡುತ್ತಲೇ ಇದ್ದಳು.

"ಇಳಸಪ್ಪ ಅವನ್ನ," ಎಂದಳು ಬಸಲಿಂಗಮ್ಮ.

ಬರಿಗಾಲು ಹಾಸುಗಲ್ಲಿಗೆ ತಾಕಿತೋ ಇಲ್ಲವೋ, ಹುಡುಗ ತನ್ನ ಕಾಲನ್ನೇ ನೋಡಿಕೊಂಡು ಕಿಲಕಿಲ ನಕ್ಕ. ಓಡಿಹೋಗಿ ಗೋಡೆಗೆ ಎರಡೂ ಅಂಗೈ ಹಚ್ಚಿದ. ಬಸಲಿಂಗಮ್ಮ ಹಿಂದೆಯೇ ಹೋಗಿ ತನ್ನ ಅಂಗೈಯನ್ನೂ ಅಲ್ಲಿಟ್ಟಳು. ಗೋಡೆ ನಡುಗುತ್ತಿತ್ತು.

ಮಹಾಲಕ್ಷ್ಮಿ ಮೊಮ್ಮಕ್ಕಳನ್ನು ಕೇಕಿನ ಹತ್ತಿರ ಕರೆದಳು. ಮಕ್ಕಳು ಹಾಡು ಹೇಳಿ, ಕೇಕು ಕತ್ತರಿಸಿ, ಮೂಗಿಗೆಲ್ಲ ಬಳಿದುಕೊಂಡರು.

ನೆಂಟರು ಹೊರಟ ಮೇಲೆ ಅಡುಗೆಮನೆಯಲ್ಲಿ ಪ್ರತಿಮಾ ತಾನಾಗಿಯೇ ಹೇಳಿದಳು.

"ನನಗ ಗೊತ್ತಿತ್ತು, ಅತ್ತಿ. ಹೋದ ತಿಂಗಳು ತವರಿಗೆ ಅಂತ ಹೋದ್ನಲ್ಲ, ಆವಾಗ ಕರ್ನೂಲಿಗೆ ಹೋಗಿ ತೋರಿಸ್ದೆ. ಹುಟ್ಟಿದಾಗಿಂದಾನ ಕೇಳ್ಸಲ್ಲಂತ. ಸಣ್ಣಾಂವ ಇದ್ದಾಗ ತಂದಿದ್ರ ಆಪರೇಷನ್ ಮಾಡಿ ಮಾತು ಬರಸಬಹುದಿತ್ತಂತ. ಈಗ ಮಾಡಿದ್ರೂ ಮಾತು ಬರೋದು ಕಷ್ಟ ಅಂದ್ರು."

"ಯಾಕವ್ವಾ ನನಗ ಹೇಳ್ಲಿಲ್ಲ?"

"ಹೇಳಿದ್ರ ಹಬ್ಬ ಮಾಡ್ತಿದ್ರೇನು? ಅವಗ ಕೇಕಂದ್ರ ಭಾಳ ಇಷ್ಟ."

ಬಸಲಿಂಗಮ್ಮ ತಪ್ಪಾಯಿತು ಎನ್ನೋಣವೆಂದರೆ ಅದನ್ನು ಯಾರಿಗೆ ಹೇಳಬೇಕಿತ್ತೋ ಅವನು ಒಳಗೆ ಮಲಗಿದ್ದ, ಅವನಿಗೆ ಅದು ಕೇಳಿಸುವಂತಿರಲಿಲ್ಲ.

ಹೊರಗೆ ನಲ್ಲಿ ಸೊರ್ರೆಂದಿತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಅವಳು ಎದ್ದು ನಲ್ಲಿಯ ಬಾಯಿಗೆ ಅರಿವೆ ಸುತ್ತಿ ಕೊಡ ಇಟ್ಟಳು. ತುಂಬಿದ ಕೊಡವನ್ನು ಪ್ರತಿಮಾ ಎತ್ತಿಕೊಂಡು ಒಳಗೆ ಹೋದಳು. ಬಸಲಿಂಗಮ್ಮ ಇನ್ನೊಂದು ಇಟ್ಟಳು.