ಒಳಗಿನ ಖೋಲಿಯಲ್ಲಿ ನಿಂತುಹೋದ ಚಿತ್ರ

ಎರಡು ವರ್ಷದ ಹಿಂದೆ, ಗಣಪತಿ ಹಬ್ಬಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇರುವಾಗ ನಡೆದದ್ದಿದು. ನಾನು ಬಾಗಲಕೋಟೆ ಕಡೆಯವನು, ಹೆಸರು ಮೌಲಾಸಾಬ. ಮುಂಬಯಿಗೆ ಬಂದು ಹನ್ನೊಂದು ವರ್ಷವಾಯಿತು. ಆಂಟಾಪ್ ಹಿಲ್ ಸುತ್ತಮುತ್ತಲಿನ ಬಿಲ್ಡಿಂಗುಗಳಲ್ಲಿ ಮನೆಮನೆಗೆ ಇಂಟರ್ನೆಟ್ ವೈರು ಎಳೆಯುವುದು, ವೈಫೈ ಡಬ್ಬಿ ಕೂರಿಸುವುದು, ಕೆಟ್ಟರೆ ಹೋಗಿ ನೋಡುವುದು ನನ್ನ ಕೆಲಸ.

ಆ ವರ್ಷ ಮಳೆಗಾಲ ಶುರುವಾಗುವ ಮುಂಚೆ ಶಾಂತಕ್ಕ ಎನ್ನುವವರ ಮನೆಗೆ ಲೈನ್ ಹಾಕಿದ್ದೆ. ಅವರು ವಿಜಯಪುರದ ಇಂಡಿ ಕಡೆಯವರು. ಗಂಡ ತೀರಿಕೊಂಡಿದ್ದರು. ದಾದರಿನಲ್ಲಿ ಎರಡು ಮನೆಗಳಿಗೆ ಅಡುಗೆ ಮಾಡಲು ಹೋಗುತ್ತಿದ್ದರು. ಗ್ರೌಂಡ್ ಫ್ಲೋರಿನ ಎರಡು ಕೋಣೆಯ ಮನೆ, ಹೊರಗೊಂದು ಖೋಲಿ, ಒಳಗೊಂದು ಖೋಲಿ. ಮೊಬೈಲಿನ ಸಿಗ್ನಲ್ ಒಳಗೆ ಬರುತ್ತಿರಲಿಲ್ಲ, ಅದಕ್ಕೇ ಲೈನ್ ಬೇಕೆಂದಿದ್ದರು.

"ಮಗಳು ಬಾಣಂತನಕ್ಕ ಬರಾಕಿದಾಳ ತಮ್ಮಾ. ಅಳಿಯ ಪುಣೆದಾಗ ಫ್ಯಾಕ್ಟರಿ ಕೆಲಸಕ್ಕ ಇರ್ತಾನ. ದಿನಾ ವಿಡಿಯೊದಾಗ ಮಾತಾಡ್ತಾರ. ಛಲೋ ಬರ್ತದಲ್ಲ?" ಎಂದು ಕೇಳಿದರು.

"ನೂರರ ಸ್ಪೀಡಿನ ಪ್ಲಾನ್ ಐತ್ರಿ ಅಕ್ಕಾ. ಇಡೀ ಮನಿಗೆ ಸಾಕಾಗಿ ಉಳೀತೈತಿ," ಎಂದೆ.

ಅಂದು ನನಗೆ ಇನ್ನೂ ಐದು ಮನೆಗಳ ಕೆಲಸವಿತ್ತು. ವೈರು ಬಾಗಿಲಿನ ಮೇಲಿಂದ ಒಳಬರುತ್ತಿತ್ತು. ಬಾಗಿಲ ಪಕ್ಕದ ಹಲಗೆಯ ಮೇಲೆ, ಅವರ ಕಬ್ಬಿಣದ ಟ್ರಂಕಿನ ಹಿಂದೆ ಡಬ್ಬಿ ಇಟ್ಟೆ. ಅಲ್ಲಿಯೇ ನಿಂತು ಮೊಬೈಲಿನಲ್ಲಿ ಸ್ಪೀಡ್ ನೋಡಿದೆ. ತೊಂಬತ್ತನಾಲ್ಕು ತೋರಿಸಿತು. ಶಾಂತಕ್ಕನಿಗೂ ತೋರಿಸಿ ಹೊರಟೆ.

ಸುಮಾರು ಒಂದು ತಿಂಗಳ ನಂತರ ಮೊದಲ ಕಂಪ್ಲೇಂಟ್ ಬಂತು. ಮಗಳು ಬಂದಿದ್ದಾಳೆ, ಮಧ್ಯಾಹ್ನದ ವೇಳೆ ವಿಡಿಯೊ ನಿಂತು ನಿಂತು ಬರುತ್ತದೆ ಎಂದು. ಹೋದೆ, ಡಬ್ಬಿಯ ಹತ್ತಿರ ನಿಂತು ನೋಡಿದೆ, ತೊಂಬತ್ತರ ಮೇಲೇ ಇತ್ತು. ಮೊಬೈಲಿನಲ್ಲಿ 'ಸ್ಪೀಡ್ ಸರಿ ಇದೆ' ಎಂದು ಬರೆದು ಕಂಪ್ಲೇಂಟ್ ಮುಚ್ಚಿದೆ.

ಮತ್ತೆ ಎರಡು ವಾರಕ್ಕೆ ಎರಡನೆಯದು ಬಂತು. ಈ ಸಲ ಮಗಳು ಸಾವಿತ್ರಿ ಮನೆಯಲ್ಲಿದ್ದಳು. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ, ಆರು ತಿಂಗಳ ಬಸುರಿ. ನನ್ನನ್ನು ನೋಡಿ ನಕ್ಕಳು, ಮಾತಾಡಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆ.

"ಚಿತ್ರ ನಿಂತಬಿಡ್ತದ ತಮ್ಮಾ," ಎಂದರು ಶಾಂತಕ್ಕ. "ಇಕಿಗೆ ಅವಾ ಛಲೋ ಕಾಣ್ತಾನ. ಅವಂಗ ಇಕಿ ಕಾಣೂದಿಲ್ಲಂತ."

"ಚಿತ್ರ ನಿಂತರ ನಿಲ್ಲಲಿ ಬಿಡ್ರಿ. ಧ್ವನಿ ಬರತೈತಿಲ್ಲೊ?" ಎಂದೆ.

ಶಾಂತಕ್ಕ ನನ್ನ ಮುಖ ನೋಡಿದರು. "ಧ್ವನಿ ತಗೊಂಡು ಏನ್ ಮಾಡ್ಲಿ? ಇಕಿಗೆ ಕಿವಿ ಕೇಳೂದಿಲ್ಲ. ಅಳಿಯಗೂ ಕೇಳೂದಿಲ್ಲ. ಕೈಲೇ ಮಾತಾಡ್ತಾರ."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಸಾವಿತ್ರಿ ನಮ್ಮ ತುಟಿ ನೋಡುತ್ತಾ ನಿಂತಿದ್ದಳು. ನನಗೆ ತಿಳಿಯಲೆಂದು ಅವಳು ಕೈ ಎತ್ತಿ ಏನೋ ಹೇಳಲು ಶುರುಮಾಡಿ, ಅರ್ಧದಲ್ಲೇ ಕೈಯನ್ನು ಗಾಳಿಯಲ್ಲಿ ಹಾಗೇ ನಿಲ್ಲಿಸಿಬಿಟ್ಟಳು. ಕಣ್ಣೂ ಮಿಟುಕಿಸಲಿಲ್ಲ. ಗಂಡನಿಗೆ ತಾನು ಹೀಗೆ ಕಾಣುತ್ತೇನೆ ಎಂದು ತೋರಿಸುತ್ತಿದ್ದಳು. ನಾನು ತಲೆಯಾಡಿಸಿ ನಕ್ಕೆ, ಅವಳೂ ನಕ್ಕಳು.

ತಿಳಿಯಿತು, ಆದರೆ ಮಾಡಿದ್ದೇನು? ಡಬ್ಬಿಯನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ಸಾವಿತ್ರಿ ನನ್ನ ಎದುರಿಗೇ, ಹೊರಗಿನ ಖೋಲಿಯಲ್ಲಿ, ಗಂಡನಿಗೆ ಫೋನ್ ಹಚ್ಚಿದಳು. ಎರಡು ನಿಮಿಷ ಸರಿಯಾಗಿಯೇ ಬಂತು. "ಒಮ್ಮೊಮ್ಮೆ ನಿಲ್ಲೂದು ಎಲ್ಲಾರ ಮನ್ಯಾಗೂ ಇರತೈತ್ರಿ," ಎಂದು ಹೇಳಿ ಬಂದೆ. ಅವಳು ದಿನಾ ಎಲ್ಲಿ ಕೂತು ಮಾತಾಡುತ್ತಾಳೆ ಎಂದು ಕೇಳಲಿಲ್ಲ. ಅವಳು ಕೂರುತ್ತಿದ್ದದ್ದು ಒಳಗಿನ ಖೋಲಿಯಲ್ಲಿ. ಹೊರಗೆ ಕೂತರೆ ಮನೆ ಮುಂದಿನ ಗ್ಯಾಲರಿಯಲ್ಲಿ ಹೋಗಿಬರುವವರು ಬಾಗಿಲಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದರಂತೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಹಬ್ಬ ಮುಗಿದು ಒಂದು ವಾರವಾಗಿತ್ತು. ಶಾಂತಕ್ಕನೇ ಫೋನ್ ಮಾಡಿದರು. "ಲೈನ್ ತಗದುಬಿಡು ಬಾ," ಎಂದು ಅಷ್ಟೇ ಹೇಳಿ ಇಟ್ಟರು.

ಹೋದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ಸಾವಿತ್ರಿ ಒಳಗಿನ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಟ್ಟೆ ಇರಲಿಲ್ಲ. ತೊಟ್ಟಿಲೂ ಇರಲಿಲ್ಲ.  ಶಾಂತಕ್ಕ ತಾವಾಗಿಯೇ ಹೇಳಿದರು.

ಹಬ್ಬಕ್ಕೆ ಮುಂಚಿನ ಒಂದು ಮಧ್ಯಾಹ್ನ ಶಾಂತಕ್ಕ ದಾದರಿನಲ್ಲಿ ಕೆಲಸದಲ್ಲಿದ್ದಾಗ ಸಾವಿತ್ರಿಗೆ ಹೊಟ್ಟೆನೋವು ಬಂದು ರಕ್ತ ಹೋಗಲು ಶುರುವಾಗಿದೆ. ಇನ್ನೂ ಏಳು ತಿಂಗಳು. ಅವಳಿಗೆ ಓದು ಬರಹ ಅಷ್ಟಾಗಿ ಬರುವುದಿಲ್ಲ, ಮೆಸೇಜು ಬರೆಯುವುದು ಆಗದ ಮಾತು. ಹಾಗಾಗಿ ಮನೆಯವರು ಮೊದಲೇ ಒಂದು ಮಾತು ಮಾಡಿಕೊಂಡಿದ್ದರು. ಏನಾದರೂ ಆದರೆ ಸಾವಿತ್ರಿ ಗಂಡ ಮಲ್ಲಪ್ಪನಿಗೆ ವಿಡಿಯೊದಲ್ಲಿ ಹೇಳುವುದು, ಮಲ್ಲಪ್ಪ ಫ್ಯಾಕ್ಟರಿಯ ಸೂಪರ್‌ವೈಜರ್ ಕಡೆಯಿಂದ ಶಾಂತಕ್ಕನಿಗೆ ಫೋನ್ ಮಾಡಿಸುವುದು.

ಸಾವಿತ್ರಿ ಹಾಗೇ ಮಾಡಿದಳು. ಮಲ್ಲಪ್ಪನ ಊಟದ ಹೊತ್ತು, ಕೂಡಲೇ ಎತ್ತಿದ. ಅವನ ಮುಖ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಎಲ್ಲವನ್ನೂ ಕೈಯಲ್ಲಿ ಹೇಳಿದಳು. ಅವನಿಗೆ ಕಂಡದ್ದು ಮಾತ್ರ ಎತ್ತಿದ ಒಂದು ಕೈ, ಅಲುಗಾಡದ ಒಂದು ಚಿತ್ರ. ದಿನವೂ ಹಾಗೇ ಆಗುತ್ತಿತ್ತಲ್ಲ. ಊಟ ಮಾಡುತ್ತಿದ್ದ ಕೈ, ಕಾಣುತ್ತಿಲ್ಲ ಎಂದು ಸನ್ನೆ ಮಾಡಲಿಲ್ಲ; ಸ್ವಲ್ಪ ಹೊತ್ತು ಕಾದ, ಫೋನ್ ಇಟ್ಟ, ಮತ್ತೆ ಎರಡು ಸಲ ಹಚ್ಚಿದ, ಹತ್ತಲಿಲ್ಲ. ಊಟದ ಹೊತ್ತು ಮುಗಿದು ಕೆಲಸಕ್ಕೆ ಹೋದ.

"ಗಂಡ ಫೋನ್ ಇಟ್ಟಿದ್ದು ನೋಡಿ, ಅವಂಗ ತಿಳೀತು, ಸೂಪರ್‌ವೈಜರ್ ಕಡೆ ಓಡ್ಯಾನ, ಅವ್ವ ಬರ್ತಾಳ ಅಂತ ತಿಳದಾಳ," ಎಂದರು ಶಾಂತಕ್ಕ. "ಹಂಗ ಕಾಯ್ಕೋತ ಮಲಗ್ಯಾಳ ತಮ್ಮಾ. ಮುಕ್ಕಾಲು ತಾಸು."

ಆಮೇಲೆ ತಡೆಯಲಾರದೆ ತೆವಳಿಕೊಂಡು ಬಾಗಿಲಿಗೆ ಬಂದು ತಾಟು ಬಡಿದಿದ್ದಾಳೆ. ಪಕ್ಕದ ಮನೆಯ ಮರಾಠಿ ಮಾವಶಿ ಕೇಳಿಸಿಕೊಂಡು ಓಡಿಬಂದು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದಿದ್ದಾರೆ. ಸಾವಿತ್ರಿ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸಂತೆ. ಬೇಗ ತಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದ್ದಕ್ಕೆ, ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು.

 ಲೈನ್ ತೆಗೆಯಲು ಹೋದವನು ಮೊಬೈಲ್ ಹಿಡಿದು, ಶಾಂತಕ್ಕನ ಒಪ್ಪಿಗೆ ಕೇಳಿ, ಮೊದಲ ಸಲ ಒಳಗಿನ ಖೋಲಿಗೆ ಕಾಲಿಟ್ಟೆ. ಸ್ಪೀಡ್ ನೋಡಿದೆ. ಬರುವ ಸ್ಪೀಡ್ ಹದಿನೆಂಟು, ಹೋಗುವ ಸ್ಪೀಡ್ ಒಂದೂ ಇರಲಿಲ್ಲ.

ಇದನ್ನು ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ನೂರು ಎಂದು ಹೇಳಿ ಮಾರುವುದು ಡಬ್ಬಿಯವರೆಗೆ ಬಂದು ಮುಟ್ಟುವ ಸ್ಪೀಡ್, ಅದೂ ಹೆಚ್ಚೆಂದರೆ. ಅಲ್ಲಿಂದ ಗೋಡೆ, ಕಬ್ಬಿಣ, ನೀರಿನ ಡ್ರಮ್ಮು ದಾಟಿ, ಅಕ್ಕಪಕ್ಕದ ಮೂವತ್ತು ಮನೆಗಳ ವೈಫೈಗಳ ನಡುವೆ ನುಸುಳಿ ಒಳಗಿನ ಖೋಲಿಗೆ ಬರುವಷ್ಟರಲ್ಲಿ ಕಾಲುಭಾಗ ಉಳಿದರೆ ಹೆಚ್ಚು. ಸಂಜೆ ಎಲ್ಲರೂ ಮನೆಗೆ ಬಂದಾಗ ಇನ್ನೂ ಇಳಿಯುತ್ತದೆ. ಅದಲ್ಲದೆ ನಾವು ನೋಡುವ ಚಿತ್ರ ಬರುವ ದಾರಿ ಬೇರೆ, ನಮ್ಮ ಚಿತ್ರ ಹೋಗುವ ದಾರಿ ಬೇರೆ. ಆ ಪ್ಲಾನಿನಲ್ಲಿ ಹೋಗುವ ದಾರಿ ಮೊದಲೇ ಸಣ್ಣದು. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಸಾವಿತ್ರಿಗೆ ಮಾತು ಎಂದರೆ ಆ ಹೋಗುವ ದಾರಿಯೇ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಡಬ್ಬಿಯ ಬುಡದಲ್ಲೇ ನಿಂತು ನೋಡಿ ಬಂದಿದ್ದೆ.

"ಅಕ್ಕಾ, ಲೈನ್ ತಗಿಯೂದಿಲ್ರಿ. ಡಬ್ಬಿ ಒಳಗ ಹಾಕ್ತೀನಿ," ಎಂದೆ.

"ಈಗ ಯಾಕ ತಮ್ಮಾ?" ಎಂದರು. ನಾನು ಆಗಲೇ ಡಬ್ಬಿಯನ್ನು ಹಲಗೆಯಿಂದ ಇಳಿಸುತ್ತಿದ್ದೆ. ಅವರು ಬೇಡ ಎನ್ನಲಿಲ್ಲ.

ಚೀಲದಲ್ಲಿದ್ದ ವೈರನ್ನೇ ಗೋಡೆಗುಂಟ ಎಳೆದು, ಡಬ್ಬಿಯನ್ನು ಒಳಗಿನ ಖೋಲಿಯ ಗೋಡೆಗೆ ಎತ್ತರದಲ್ಲಿ ಕೂರಿಸಿದೆ. ನಲವತ್ತು ನಿಮಿಷವೂ ಹಿಡಿಯಲಿಲ್ಲ. ಶಾಂತಕ್ಕ ಮಗಳ ಭುಜ ತಟ್ಟಿ ಎಬ್ಬಿಸಿದರು. ಎಂಟು ದಿನ ಇದ್ದು ಮಲ್ಲಪ್ಪ ಪುಣೆಗೆ ಮರಳಿದ್ದ. ಸಾವಿತ್ರಿ ಫೋನ್ ಹಚ್ಚಿದಳು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಅವಳ ಕೈಗಳು ಜೋರು ಜೋರಾಗಿ ಓಡುತ್ತಿದ್ದವು. ಮಲ್ಲಪ್ಪ ತಲೆ ತಗ್ಗಿಸಿ ಕೂತಿದ್ದ.

"ಏನಂತಾರ್ರಿ?" ಎಂದು ಮೆಲ್ಲಗೆ ಕೇಳಿದೆ.

"ದಿನಾ ಒಂದ ಮಾತು. ನಾ ಅಷ್ಟು ಹೇಳಿದರೂ ಯಾಕ ಬರಲಿಲ್ಲ ಅಂತ. ಅವಾ ನಂಗೇನೂ ಕಾಣಲಿಲ್ಲ ಅಂತಾನ, ಇಕಿ ನಂಬೂದಿಲ್ಲ. ಚಿತ್ರ ನಿಂತರ ದಿನಾ ಕೈಲೇ ಹೇಳ್ತಿದ್ದಿ, ಅವತ್ತ ಯಾಕ ಹೇಳಲಿಲ್ಲ ಅಂತಾಳ."

ಆಗ ನನ್ನಿಂದ ಸುಮ್ಮನಿರಲು ಆಗಲಿಲ್ಲ. "ಅಕ್ಕಾ, ಅವರು ಖರೇ ಹೇಳಾಕತ್ತಾರ್ರಿ. ಅವರಿಗೆ ಕಂಡಿಲ್ಲ. ಡಬ್ಬಿ ತಪ್ಪು ಜಾಗಾಕ ಇಟ್ಟಾಂವ ನಾನು. ನೀವು ಎರಡು ಸಲ ಕರದರೂ ಒಳಗ ಬಂದು ನೋಡಲಿಲ್ಲ. ಇದನ್ನ ಆಕಿಗೆ ಹೇಳ್ರಿ."

 ಶಾಂತಕ್ಕ ಮಗಳ ಎದುರು ಕೂತು, ನಿಧಾನವಾಗಿ ಕೈಯಲ್ಲಿ ಹೇಳಿದರು. ಬಾಗಿಲ ಕಡೆ, ಡಬ್ಬಿಯ ಕಡೆ, ನನ್ನ ಕಡೆ ಬೆರಳು ತೋರಿಸಿದರು. ಸಾವಿತ್ರಿ ನನ್ನನ್ನು ನೋಡಿದಳು. ಬೈಯುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಎಂದುಕೊಂಡೆ. ಹಾಗೇನೂ ಮಾಡಲಿಲ್ಲ. ಫೋನಿನ ಕಡೆ ತಿರುಗಿ, ಮಲ್ಲಪ್ಪನ ಮುಖದ ಮೇಲೆ ಅಂಗೈ ಇಟ್ಟು ಅಳತೊಡಗಿದಳು. ಅತ್ತಲಿಂದ ಅವನೂ ಅಳುತ್ತಿದ್ದ. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ.

ದೀಪಾವಳಿಯ ಹೊತ್ತಿಗೆ ಸಾವಿತ್ರಿ ಗಂಡನ ಹತ್ತಿರ ಪುಣೆಗೆ ಹೋದಳು ಎಂದು ಕೇಳಿದೆ. ಶಾಂತಕ್ಕ ದಾರಿಯಲ್ಲಿ ಸಿಕ್ಕರೆ "ಆರಾಮ ಇದಿ?" ಎಂದು ಕೇಳುತ್ತಾರೆ. ಒಂದು ಸಲವಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಈಗ ನಾನು ಯಾವ ಮನೆಗೆ ಹೋದರೂ ಎಲ್ಲಿ ಕೂತು ಬಳಸುತ್ತೀರಿ, ಯಾವುದಕ್ಕೆ ಬಳಸುತ್ತೀರಿ ಎಂದು ಮೊದಲು ಕೇಳುತ್ತೇನೆ. ಆ ಜಾಗದಲ್ಲೇ ನಿಂತು ಬರುವುದನ್ನೂ ಹೋಗುವುದನ್ನೂ ಅಳೆದು ತೋರಿಸುತ್ತೇನೆ. ನೂರು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತೇನೆ. "ಧಂದಾ ಮುಳುಗಿಸ್ತಾನೆ ಇವನು" ಎಂದು ನಮ್ಮ ಕಂಪನಿ ಮಾಲಕರು ಬೇಸರ ಮಾಡಿಕೊಂಡದ್ದೂ ಇದೆ.

ಬೇಗ ಒಯ್ದಿದ್ದರೂ ಆ ಕೂಸು ಉಳಿಯುತ್ತಿರಲಿಲ್ಲವೇನೋ. ಡಾಕ್ಟರ ಆ ಮಾತನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಮಧ್ಯಾಹ್ನ ಒಬ್ಬ ತಾಯಿ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಸಹಾಯ ಕೇಳಿದಳು. ಅದನ್ನು ಅವಳ ಗಂಡನಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು, ನಾನು ಮುಟ್ಟಿಸಲಿಲ್ಲ.